ತುಮರಿ ಜಾಗ: ರೆಸಾರ್ಟಿಗೆ ಲೀಸಾ, ಹೋಂಸ್ಟೇನಾ?

2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ ಕಡೆ ಜಾಗ ಇರುವವರೆಲ್ಲ, ಅದನ್ನು ರೆಸಾರ್ಟಿಗೆ ಲೀಸ್ ಕೊಡಲೋ, ನಾವೇ ಹೋಂಸ್ಟೇ ನಡೆಸಲೋ ಅಂತ ಕೇಳುತ್ತಾರೆ. ಒಮ್ಮೆ ಮಾಲ್ಡೀವ್ಸ್ ನೋಡಿ, ಅಲ್ಲಿ ಎರಡೂ ಆಗಿದೆ.

ಮೊದಲು ಅಲ್ಲಿ ಜನ ಇಲ್ಲದ ದ್ವೀಪಕ್ಕೆ ಒಂದೊಂದು ರೆಸಾರ್ಟ್. ಸರ್ಕಾರಕ್ಕೆ ಬಾಡಿಗೆ, ತೆರಿಗೆ ಬಂತು. ಆದರೆ ಪ್ರವಾಸಿ ವಿಮಾನ ಇಳಿದು ದೋಣಿ ಹತ್ತಿ ನೇರ ರೆಸಾರ್ಟಿಗೆ ಹೋದರೆ ಊಟ, ನಿದ್ದೆ, ಬಿಲ್ಲು ಎಲ್ಲಾ ಅಲ್ಲೇ, ಪಕ್ಕದ ಊರಿನ ಅಂಗಡಿಯವನಿಗೆ ಅವನ ಮುಖವೂ ಕಾಣುತ್ತಿರಲಿಲ್ಲ. 2009ರ ಸುಮಾರಿಗೆ ಊರಿರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗೆ ಅವಕಾಶ ಸಿಕ್ಕಿತು. ಮಾಫುಶಿಯಂಥ ಊರಲ್ಲಿ ಮನೆಯವರೇ ಯಜಮಾನರಾದರು. ಕಸ, ಗದ್ದಲವೂ ಜೊತೆಗೇ ಬಂತು, ಬಿಡಿ.

ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲ ಅಂದರೆ ಲೀಸ್ ಕೊಡಿ, ತಲೆನೋವಿಲ್ಲ. ಇದ್ದರೆ ನನ್ನ ವೋಟು ಹೋಂಸ್ಟೇಗೆ, ಅದೂ ಎರಡೇ ಕೋಣೆ. ಹಾಲು ಪಕ್ಕದ ಮನೆಯದ್ದು, ಕಡುಬು ಅತ್ತೆಯದ್ದು, ದುಡ್ಡು ಊರಲ್ಲೇ ಸುತ್ತುತ್ತದೆ. ಒಂದೇ ಭಯ. ಸೇತುವೆಗೆ ಮೊದಲು ಹಿನ್ನೀರು ದಾಟಲು ಲಾಂಚಿಗೆ ಕಾಯುತ್ತಾ ಚಹಾ ಕುಡಿಯುತ್ತಿದ್ದವರು ಈಗ ಕಾರಿನ ಕಿಟಕಿಯನ್ನೂ ಇಳಿಸದೆ ಸಿಗಂದೂರು ದೇವಸ್ಥಾನ ಮುಗಿಸಿ ಸಂಜೆಗೆ ಸಾಗರ ಪೇಟೆ ಸೇರಬಹುದು, ಅಲ್ವಾ? ರಾತ್ರಿ ಉಳಿಯಲು ಅವರಿಗೆ ಏನು ಕಾರಣ ಕೊಡುತ್ತೀರಿ ಅಂತ ಮೊದಲು ಯೋಚಿಸಿ, ಆಮೇಲೆ ಸಿಮೆಂಟ್ ತರಿಸಿ.