ಹಳೇ ಆಲ್ಟೊಗೆ ಕಂಪನಿ ಕ್ಲಚ್ ಕೇಬಲ್: ಕೆಲವು ವರ್ಷ ಓಡಿಸಿದ ಮೇಲೆ ಅನ್ನಿಸಿದ್ದು

ನಮ್ಮದು 2007ರ ಆಲ್ಟೊ. 796 ಸಿಸಿ ಎಂಜಿನ್, ಐದು ಗೇರು. ತುಮಕೂರಿನ ಒಳಗೇ ಇದರ ಓಡಾಟ ಜಾಸ್ತಿ. ಬಿ.ಎಚ್. ರಸ್ತೆ, ಬಟವಾಡಿ, ಟೌನ್‌ಹಾಲ್ ಸರ್ಕಲ್, ಮತ್ತೆ ವಾಪಸ್. ಹೈವೇಯಲ್ಲಿ ಬೆಂಗಳೂರಿಗೆ ಹೋಗಿ ಬಂದರೂ ಎಡಗಾಲಿಗೆ ಅಷ್ಟು ಕೆಲಸ ಇರುವುದಿಲ್ಲ. ಊರೊಳಗೆ ಅರ್ಧ ಗಂಟೆ ಸುತ್ತಿದರೆ ಕಾಲು ಸೋಲುತ್ತದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗಾ ಜಾತ್ರೆಗೆ ಜನ ಹೊರಟಾಗ ಕ್ಯಾತ್ಸಂದ್ರದ ಕಡೆ ಹೋದವರಿಗೆ ನಾನು ಹೇಳುವುದು ಅರ್ಥ ಆಗುತ್ತದೆ. ಕ್ಲಚ್ ಪೆಡಲ್ ತುಳಿದದ್ದನ್ನು ಗೇರ್‌ಬಾಕ್ಸ್‌ಗೆ ಮುಟ್ಟಿಸುವುದು ಕ್ಲಚ್ ಕೇಬಲ್. ಇಂಥ ಬಳಕೆಯಲ್ಲಿ ಮಾರುತಿ ಜೆನ್ಯೂನ್ ಪಾರ್ಟ್ಸ್‌ನ ಕೇಬಲ್ ಹೇಗೆ ಬಾಳಿತು ಅನ್ನುವುದೇ ಈ ವಿಮರ್ಶೆ.

ಒಂದೇ ಮಾತಲ್ಲಿ ಬೇಕಾದವರಿಗೆ: ತಗೊಳ್ಳಿ. ಆದರೆ ಕೇಬಲ್ ಎಷ್ಟೇ ಒಳ್ಳೆಯದಾದರೂ ಅಡ್ಜಸ್ಟ್‌ಮೆಂಟ್ ಸರಿ ಇಲ್ಲದಿದ್ದರೆ ದಂಡ.

ಇದಕ್ಕೂ ಮುಂಚೆ ಗಾಡಿಯಲ್ಲಿ ಲೋಕಲ್ ಕೇಬಲ್ ಇತ್ತು. ಹಾಕಿದಾಗ ಪೆಡಲ್ ಹಗುರವಾಗಿಯೇ ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಗಟ್ಟಿಯಾಯಿತು, ಒತ್ತಿದರೆ ಕಿರ್ರ್ ಅನ್ನುವ ಸದ್ದು ಬೇರೆ. ರಿವರ್ಸ್ ಹಾಕಿದರೆ ಗರ್ ಅಂತ ಕಿರುಚುತ್ತಿತ್ತು. ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಕೂಡ ಎತ್ತಲಿಲ್ಲ. ಒಂದು ರೌಂಡ್ ಓಡಿಸಿ ಬಂದು, "ಸಾರ್, ಕ್ಲಚ್ ಪ್ಲೇಟ್ ಹೋಗೈತೆ. ಗೇರ್‌ಬಾಕ್ಸ್ ಇಳಿಸ್ಬೇಕು" ಅಂದರು. ಇನ್ನೊಬ್ಬ ಮೆಕ್ಯಾನಿಕ್ ಕೇಬಲ್‌ನ ಎರಡೂ ತುದಿ ಬಿಚ್ಚಿ, ಒಳಗಿನ ತಂತಿಯನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದರು. ತಂತಿ ಹಿಡಿದು ಹಿಡಿದು ಬರುತ್ತಿತ್ತು. "ಪ್ಲೇಟ್ ಸುದ್ದಿ ಆಮೇಲೆ ನೋಡಣ ಸಾರ್, ಮೊದ್ಲು ಇದನ್ನ ಬಿಸಾಕಿ" ಅಂದರು. ಅವರು ಹೇಳಿದ್ದೇ ಸರಿ. ಇವತ್ತಿಗೂ ಅದೇ ಪ್ಲೇಟ್ ಓಡುತ್ತಿದೆ.

ಪೆಡಲ್ ಗಟ್ಟಿ ಇದೆ ಅಂದವರಿಗೆಲ್ಲ ನಾನು ಹೇಳುವುದು ಈ ಪರೀಕ್ಷೆಯನ್ನೇ. ಬಿಚ್ಚಿದ ಕೇಬಲ್ ಕೈಯಲ್ಲಿ ಸಲೀಸಾಗಿ ಜಾರಿದರೆ ತೊಂದರೆ ಬೇರೆ ಕಡೆ ಇದೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಹಳೆಯದಾಗಿರಬಹುದು, ಕ್ಲಚ್ ಬಿಡಿಸುವ ರಿಲೀಸ್ ಶಾಫ್ಟ್‌ನ ಬುಷ್ ಒಣಗಿರಬಹುದು. ಕೇಬಲ್ಲೇ ಬಿಗಿ ಇದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತೇ ಬೇಡ.

ಲೋಕಲ್ ಕೇಬಲ್‌ನಲ್ಲಿ ನಾನು ಕಂಡ ದೊಡ್ಡ ಕೊರತೆ ಹೊರಗಿನ ಕವಚದ್ದು. ಎಲ್ಲರೂ ಒಳಗಿನ ತಂತಿ ಎಷ್ಟು ದಪ್ಪ ಅಂತ ನೋಡುತ್ತಾರೆ. ಕವಚ ಮೆತ್ತಗಿದ್ದರೆ ಪೆಡಲ್ ತುಳಿದಾಗ ಅದೂ ಕುಗ್ಗುತ್ತದೆ. ತುಳಿದದ್ದರಲ್ಲಿ ಅರ್ಧ ಅಲ್ಲೇ ತಿಂದುಹೋಗುತ್ತದೆ, ಗೇರ್‌ಬಾಕ್ಸ್ ಮೇಲೆ ಕೇಬಲ್ ಎಳೆಯುವ ರಿಲೀಸ್ ಆರ್ಮ್ ಪೂರ್ತಿ ತಿರುಗುವುದಿಲ್ಲ. ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕಿರುಚುತ್ತದೆ. ಎಷ್ಟು ಅಡ್ಜಸ್ಟ್ ಮಾಡಿದರೂ ಥ್ರೆಡ್ ಮುಗಿಯುತ್ತದೆಯೇ ಹೊರತು ತೊಂದರೆ ಮುಗಿಯುವುದಿಲ್ಲ. ಕಂಪನಿ ಕೇಬಲ್‌ನ ಕವಚ ಕೈಯಲ್ಲಿ ಬಗ್ಗಿಸಿದರೇ ಗೊತ್ತಾಗುತ್ತದೆ, ಗಟ್ಟಿ ಇದೆ. ತುದಿಯ ಟೋಪಿಗಳೂ ಬಿಗಿಯಾಗಿ ಕೂತಿವೆ. ಎರಡರ ಬೆಲೆಯಲ್ಲಿರುವ ವ್ಯತ್ಯಾಸ ಮನೆಮಂದಿ ಒಮ್ಮೆ ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ತಿಂದಷ್ಟು.

ಹಾಕುವ ಕೆಲಸ ದೊಡ್ಡದೇನಲ್ಲ. ಗೇರ್‌ಬಾಕ್ಸ್ ಕಡೆ ನಟ್ ಸಡಿಲಿಸಿ ಬಿಡಿಸಬೇಕು, ಆಮೇಲೆ ಪೆಡಲ್ ಮೇಲಿನ ಕೊಕ್ಕೆಯಿಂದ ತಪ್ಪಿಸಬೇಕು. ಕಷ್ಟ ಇರುವುದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಮಲಗುವುದರಲ್ಲಿ. ನನ್ನ ಎತ್ತರದವರಿಗೆ ಅದು ಯೋಗಾಸನ. ಹೊಸ ಕೇಬಲ್ ಹಳೆಯದು ಹೋದ ದಾರಿಯಲ್ಲೇ ಹೋಗಬೇಕು. ಎಲ್ಲೂ ಚೂಪಾಗಿ ಮಡಚಬಾರದು, ಸೈಲೆನ್ಸರ್ ಪೈಪಿನ ಹತ್ತಿರ ಸುಳಿಯಬಾರದು. ಬಾಡಿ ಒಳಗೆ ತೂರುವ ಜಾಗದಲ್ಲಿ ರಬ್ಬರ್ ಇರುತ್ತದೆ, ಅದನ್ನು ಮರೆತರೆ ಮಳೆನೀರು ಕಾಲಬುಡಕ್ಕೇ ಬರುತ್ತದೆ. ಇನ್ನು ಎಣ್ಣೆ. ಹಾಕುವ ಮುಂಚೆ ಒಳಗೆ ಎಂಜಿನ್ ಆಯಿಲ್ ಬಿಡುವ ಅಭ್ಯಾಸ ಕೆಲವರಿಗಿದೆ. ಈಗಿನ ಕೇಬಲ್‌ಗಳಲ್ಲಿ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ತಂತಿ ಅದರ ಮೇಲೆ ಜಾರುತ್ತದೆ. ಎಣ್ಣೆ ಬಿಟ್ಟರೆ ಧೂಳು ಅಂಟಿ ಕೆಸರಾಗುತ್ತದೆ ಅಷ್ಟೇ. ಗ್ರೀಸ್ ಬೇಕಿರುವುದು ಎರಡು ತುದಿಗೆ, ಅಂದರೆ ಪೆಡಲ್ ಕೊಕ್ಕೆಗೆ ಮತ್ತು ಆರ್ಮ್‌ಗೆ.

ಈಗ ಅಡ್ಜಸ್ಟ್‌ಮೆಂಟ್. ಪೆಡಲ್ಲನ್ನು ಕಾಲಲ್ಲಿ ನೋಡಬೇಡಿ, ಕೈಯಲ್ಲಿ ಒತ್ತಿ. ಮೊದಲು ಸ್ವಲ್ಪ ದೂರ ಸುಮ್ನೆ ಹೋಗುತ್ತದೆ, ಆಮೇಲೆ ಭಾರ ಸಿಗುತ್ತದೆ. ಆ ಸುಮ್ನೆ ಹೋಗುವ ದೂರವೇ ಫ್ರೀ ಪ್ಲೇ. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಅಳೆದರೆ ಸಾಕು. ಇಂಥ ಸಣ್ಣ ಕಾರುಗಳಲ್ಲಿ ಅದು 15ರಿಂದ 20 ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ. ನಿಮ್ಮ ಮಾಡೆಲ್‌ನ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತು ಕೇಳಿ. ಗೇರ್‌ಬಾಕ್ಸ್ ಕಡೆ ನಟ್ ಬಿಗಿ ಮಾಡಿದಂತೆ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಒಂದೊಂದೇ ಸುತ್ತು ತಿರುಗಿಸಿ, ನಡುನಡುವೆ ಪೆಡಲ್ ಪೂರ್ತಿ ತುಳಿದು ಬಿಟ್ಟು, ಮತ್ತೆ ಅಳೆಯಿರಿ.

ಹಗುರವಾಗಿರಲಿ ಅಂತ ಫ್ರೀ ಪ್ಲೇ ಜಾಸ್ತಿ ಬಿಡುವವರಿದ್ದಾರೆ. ಆಗ ಕ್ಲಚ್ ಪೂರ್ತಿ ಬಿಡದೆ ಗೇರ್ ಸವೆಯುತ್ತದೆ. ಇನ್ನು ಕೆಲವರು "ಟಕ್ ಅಂತ ಹಿಡೀಬೇಕು" ಅಂತ ಒಂಚೂರೂ ಬಿಡುವುದಿಲ್ಲ. ಇದು ಅದಕ್ಕಿಂತ ಕೆಟ್ಟದ್ದು. ಪ್ರೆಷರ್ ಪ್ಲೇಟ್‌ನ ಸ್ಪ್ರಿಂಗ್ ಒತ್ತಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ತಿರುಗುತ್ತದೆ, ಕ್ಲಚ್ ಅರ್ಧ ತುಳಿದಂತೆಯೇ ಇದ್ದು ಪ್ಲೇಟ್ ಜಾರುತ್ತದೆ. ದೇವರಾಯನದುರ್ಗದ ಏರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ನಮ್ಮ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯಲ್ಲೇ ತಿಳಿಯಬೇಕು.

ಇನ್ನೊಂದು ವಿಷಯ ಬಹಳ ಜನ ತಲೆಕೆಳಗು ಮಾಡಿಕೊಂಡಿದ್ದಾರೆ. ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಹೆಚ್ಚಾಗುತ್ತದೆ. ಕ್ಲಚ್ ಪ್ಲೇಟ್ ಸವೆದರೆ ಕಡಿಮೆಯಾಗುತ್ತದೆ, ಏಕೆಂದರೆ ಪ್ರೆಷರ್ ಪ್ಲೇಟ್‌ನ ಸ್ಪ್ರಿಂಗ್ ಬೆರಳುಗಳು ಬೇರಿಂಗ್ ಕಡೆಗೆ ಸರಿಯುತ್ತವೆ. ಹಾಗಾಗಿ ನೀವು ಮುಟ್ಟದಿದ್ದರೂ ಪೆಡಲ್‌ನ ಫ್ರೀ ಪ್ಲೇ ಕರಗುತ್ತಿದ್ದರೆ, ಬಿಗಿ ಮಾಡುವುದಲ್ಲ, ಸಡಿಲಿಸಬೇಕು. ಪ್ಲೇಟ್‌ಗೆ ದುಡ್ಡು ಜೋಡಿಸಿಕೊಳ್ಳಲೂ ಶುರು ಮಾಡಬೇಕು.

ಕಂಪನಿ ಕೇಬಲ್ ಹಾಕಿದ ಮೊದಲಲ್ಲಿ ಸ್ವಲ್ಪ ಕೂತುಕೊಂಡು, ಫ್ರೀ ಪ್ಲೇ ಜಾಸ್ತಿ ಆಯಿತು. ಒಮ್ಮೆ ಸರಿ ಮಾಡಿದ ಮೇಲೆ ನಿಂತುಬಿಟ್ಟಿತು. ಈಗ ಸರ್ವೀಸ್ ಹೊತ್ತಿಗೆ ಅಳೆಯುತ್ತೇನೆ, ಹೆಚ್ಚಿನ ಸಲ ನಟ್ ಮುಟ್ಟುವ ಕೆಲಸವೇ ಬೀಳುವುದಿಲ್ಲ. ಪೆಡಲ್ ಮೊದಲ ದಿನದಷ್ಟು ಹಗುರ ಇಲ್ಲ, ಆದರೆ ಒಂದೇ ಸಮ ಇದೆ. ಸದ್ದಿಲ್ಲ. ರಿವರ್ಸ್ ಗೇರ್‌ಗೆ ಸಿಂಕ್ರೋ, ಅಂದರೆ ಗೇರುಗಳ ವೇಗ ಹೊಂದಿಸುವ ಭಾಗ, ಇಲ್ಲದ್ದರಿಂದ ಕ್ಲಚ್ ಒತ್ತಿ ಎರಡು ಕ್ಷಣ ಕಾದು ಹಾಕಬೇಕು. ಕಾದ ಮೇಲೂ ಕಿರುಚಿದರೆ ಮಾತ್ರ ಅಡ್ಜಸ್ಟ್‌ಮೆಂಟ್ ನೋಡಿ.

ನಮ್ಮ ಪಕ್ಕದ ಬೀದಿಯವರ ಹಳೇ 800ರಲ್ಲಿ ಕೇಬಲ್ ಮೇಲಿಂದ ಮೇಲೆ ಸುಟ್ಟಂತೆ ಆಗುತ್ತಿತ್ತು. ಕವಚ ಕರಗಿ ತಂತಿ ಅಂಟಿಕೊಳ್ಳುತ್ತಿತ್ತು. ಕೇಬಲ್ ಕಂಪನಿಯನ್ನು ಬೈದದ್ದೇ ಬೈದದ್ದು. ಕೊನೆಗೆ ನೋಡಿದರೆ ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದಿತ್ತು. ಸ್ಟಾರ್ಟರ್ ಎಳೆಯುವ ಕರೆಂಟ್‌ಗೆ ವಾಪಸ್ ಹೋಗಲು ದಾರಿ ಬೇಕಲ್ವಾ? ಸಿಕ್ಕಿದ ಲೋಹದಲ್ಲಿ ಹೋಗುತ್ತದೆ, ಕ್ಲಚ್ ಕೇಬಲ್ ಅದಕ್ಕೆ ಸುಲಭದ ದಾರಿ. ಹೊಸ ಕೇಬಲ್ ಹಾಕಿಸುವಾಗ ಅರ್ತ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಹಾಕಿಸಿ.

ನಡುರಸ್ತೆಯಲ್ಲಿ ತುಂಡಾದರೆ? ಹಿಂದೊಮ್ಮೆ ಒಂದು ಕೇಬಲ್ ನನಗೆ ಬಟವಾಡಿ ಹತ್ತಿರ ಕೈಕೊಟ್ಟಿತ್ತು. ಪೆಡಲ್ ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು. ಮೊದಲು ನ್ಯೂಟ್ರಲ್ ಮಾಡಿ ಪಕ್ಕಕ್ಕೆ ತಳ್ಳಿಸಿ. ಟೋ ಮಾಡಿಸುವುದೇ ಒಳ್ಳೆಯದು. ಅದು ಆಗದಿದ್ದರೆ, ಮುಂದೆ ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡು, ಎಂಜಿನ್ ಆಫ್ ಇರುವಾಗಲೇ ಫಸ್ಟ್ ಗೇರ್ ಹಾಕಿ ಕೀ ತಿರುಗಿಸಿ. ಗಾಡಿ ಎಗರಿ ಹೊರಡುತ್ತದೆ. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಹೊಸ ಕಾರುಗಳಲ್ಲಿ ಇದು ನಡೆಯುವುದಿಲ್ಲ. ಎರಡನೇ ಗೇರ್ ಬೇಕಿದ್ದರೆ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ತಂದು, ಎಂಜಿನ್ ವೇಗ ಇಳಿಯುತ್ತಿದ್ದಂತೆ ಮೆತ್ತಗೆ ಒತ್ತಿ ಹಿಡಿಯಿರಿ, ತಾನೇ ಒಳಗೆ ಹೋಗುತ್ತದೆ. ನಿಲ್ಲಿಸುವ ಮೊದಲೇ ನ್ಯೂಟ್ರಲ್. ಸ್ಟಾರ್ಟರ್‌ಗೆ ಇದು ಹಿಂಸೆ, ಹತ್ತಿರದ ಗ್ಯಾರೇಜಿನವರೆಗೆ ಮಾತ್ರ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಅಂಗಡಿಯಲ್ಲಿ ಪಟ್ಟ ಪಾಡಿಗೆ. ಅದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಕ್ಕೆ ಬೇರೆ ಕೇಬಲ್ ಬರುವುದುಂಟು. ಬರೀ "ಆಲ್ಟೊದು ಕೊಡಿ" ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಆರ್‌ಸಿ ನೋಡಿ ತಿಂಗಳು, ವರ್ಷ ಹೇಳಿ. ಹಳೇ ಕೇಬಲ್ ಜೊತೆಯಲ್ಲೇ ಒಯ್ಯಿರಿ. ಹೊಸದನ್ನು ಅದರ ಪಕ್ಕ ಇಟ್ಟು, ತಂತಿಯ ಉದ್ದ, ಕವಚದ ಉದ್ದ ಎರಡನ್ನೂ ನೋಡಿದ ಮೇಲೆ ದುಡ್ಡು ಕೊಡಿ.