ಅಡುಗೆಕಟ್ಟೆ ಕಲ್ಲಿನ ಕೆಲಸಗಾರನ ಕಣ್ಣಲ್ಲಿ ಒಂದು ನೇಮಕಾತಿ ಸಂಸ್ಥೆ

ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಹದಿನೇಳು ವರ್ಷ ಅಡುಗೆಕಟ್ಟೆಯ ಕಲ್ಲನ್ನು ಕೊಯ್ದು, ಅಂಚಿಗೆ ಪಾಲಿಶ್ ಕೊಟ್ಟು, ಮನೆಗಳಿಗೆ ಹೋಗಿ ಕೂರಿಸಿದವನು ನಾನು. ಕಳೆದ ವರ್ಷ ನಮ್ಮ ಕಾರ್ಖಾನೆಯಲ್ಲಿ ಕೆಲಸ ಇಳಿಮುಖವಾದಾಗ, ಗೆಳೆಯರೊಬ್ಬರ ಮಾತು ಕೇಳಿ ಬೆಂಗಳೂರಿನ ಒಂದು ನೇಮಕಾತಿ ಸಂಸ್ಥೆಯಲ್ಲಿ ಹೆಸರು ಬರೆಸಿದೆ. ಕೊಲ್ಲಿ ದೇಶಗಳ ಕಂಪನಿಗಳಿಗೂ ಇಲ್ಲಿಯ ಮಾಡ್ಯುಲರ್ ಕಿಚನ್ ತಯಾರಕರಿಗೂ ಕೆಲಸಗಾರರನ್ನು ಒದಗಿಸುವ ಸಂಸ್ಥೆ ಅದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅನುಭವವಿರುವ ಕೆಲಸಗಾರನಿಗೆ ಅಲ್ಲಿ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದಷ್ಟೇ ಈ ಬರಹದ ವಿಷಯ.

ತೊಡಕು ಅರ್ಜಿಯಿಂದಲೇ ಆರಂಭವಾಯಿತು. ಅವರ ಕಂಪ್ಯೂಟರಿನ ಪಟ್ಟಿಯಲ್ಲಿ ಮೇಸನ್, ಟೈಲ್ಸ್ ಮೇಸನ್, ಮಾರ್ಬಲ್ ಪಾಲಿಶರ್, ಹೆಲ್ಪರ್ ಎಂಬ ಹುದ್ದೆಗಳಿದ್ದವೇ ಹೊರತು, ಮನೆಗೆ ಹೋಗಿ ಅಳತೆ ತೆಗೆದು, ಕಾರ್ಖಾನೆಯಲ್ಲಿ ಕೊಯ್ದು, ಮತ್ತೆ ಅದೇ ಮನೆಯಲ್ಲಿ ಕಲ್ಲು ಕೂರಿಸುವವನಿಗೆ ಜಾಗವಿರಲಿಲ್ಲ. ಅರ್ಜಿ ತುಂಬಿಸಿಕೊಳ್ಳುತ್ತಿದ್ದ ಹುಡುಗಿ ಸೌಜನ್ಯದಿಂದಲೇ ನನ್ನನ್ನು ‘ಟೈಲ್ಸ್ ಮೇಸನ್’ ಎಂದು ದಾಖಲಿಸಿದಳು. ಟೈಲ್ಸ್ ಕೆಲಸವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಟೈಲ್ ಒಡೆದರೆ ಇನ್ನೊಂದನ್ನು ತರಬಹುದು, ಎರಡು ನೂಲು, ಅಂದರೆ ಕಾಲು ಇಂಚು, ಕಡಿಮೆ ಕೊಯ್ದ ಒಂಬತ್ತು ಅಡಿಯ ಸ್ಲ್ಯಾಬನ್ನು ಯಾರೂ ಉದ್ದ ಮಾಡಲಾರರು. ಈ ವ್ಯತ್ಯಾಸ ಅರ್ಜಿಯಲ್ಲಿ ಕಾಣಿಸದಿದ್ದರೆ ಸಂಬಳದಲ್ಲೂ ಕಾಣಿಸುವುದಿಲ್ಲ.

ಇಷ್ಟಾದರೂ ಈ ಸಂಸ್ಥೆಯನ್ನು ನಾನು ಹೊಗಳುವುದು ಅದರ ಕೈಕೆಲಸದ ಪರೀಕ್ಷೆಗಾಗಿ. ಬೇರೆ ಎರಡು ಕಡೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎಷ್ಟು ವರ್ಷದ ಅನುಭವ ಎಂದು ಕೇಳಿ ಕಳುಹಿಸಿದ್ದರು. ಇಲ್ಲಿ ಬಾಡಿಗೆಗೆ ಪಡೆದ ಕಾರ್ಖಾನೆಯೊಂದರಲ್ಲಿ, ಕಲ್ಲು ಬಲ್ಲ ಹಿರಿಯ ಮೇಸ್ತ್ರಿಯೊಬ್ಬರ ಎದುರು, 20 ಮಿ.ಮೀ. ದಪ್ಪದ ಕಪ್ಪು ಗ್ರಾನೈಟ್ ಕೊಟ್ಟು ಎಲ್ ಆಕಾರದ ಕಟ್ಟೆ ಮಾಡಲು ಹೇಳಿದರು. ಪ್ಲೈವುಡ್ಡಿನ ಗೋಡೆಗಳನ್ನು ಬೇಕೆಂದೇ ಮೂಲೆಮಟ್ಟಕ್ಕೆ ಹೊಂದದಂತೆ ನಿಲ್ಲಿಸಿದ್ದರು. ಕೇವಲ ಟೇಪು ಹಿಡಿದು ಅಳೆದವರ ಕಲ್ಲು ಅಲ್ಲಿ ಕೂರಲಿಲ್ಲ. ತೆಳುವಾದ ಮರದ ಪಟ್ಟಿಗಳನ್ನು ಜೋಡಿಸಿ ಗೋಡೆಯ ಆಕಾರಕ್ಕೆ ಟೆಂಪ್ಲೇಟ್ ಮಾಡಿಕೊಂಡವರದು ಕೂತಿತು. ಕಟ್ಟೆಯ ಕೆಳಗಿನಿಂದ ಕೂರಿಸುವ ಸಿಂಕಿಗಾಗಿ ಕಲ್ಲು ಕೊಯ್ಯುವಾಗ ಮೇಸ್ತ್ರಿಯವರು ಮೊದಲು ನೋಡಿದ್ದು ಒಳಮೂಲೆಗಳನ್ನು: ಅಲ್ಲಿ ಮೊದಲು ದುಂಡಗೆ ತೂತು ಕೊರೆದು ಆಮೇಲೆ ಬ್ಲೇಡು ಹಾಯಿಸಬೇಕು, ಚೂಪು ಮೂಲೆ ಬಿಟ್ಟರೆ ಕಲ್ಲು ಎತ್ತುವಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಜೋಡಣೆಯ ಗೆರೆಯನ್ನು ಸಿಂಕಿನಿಂದ ದೂರ ಏಕೆ ಇಟ್ಟೆ ಎಂದೂ ಅವರು ಕೇಳಿದರು. ಮುಂಭಾಗದ ಪಟ್ಟಿಯನ್ನು 45 ಡಿಗ್ರಿಗೆ ಕೊಯ್ದು ಅಂಟಿಸಿದ ಮೇಲೆ, ಒರಟು ಪಾಲಿಶ್ ಪ್ಯಾಡಿನಿಂದ ಅತಿ ನಯವಾದ 3000ದ ನಂಬರಿನವರೆಗೆ ಒಂದನ್ನೂ ಬಿಡದೆ ಅಂಚಿಗೆ ಪಾಲಿಶ್ ಕೊಟ್ಟೆ. ಕಪ್ಪು ಕಲ್ಲು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ, ನಡುವೆ ಒಂದು ನಂಬರು ಹಾರಿಸಿದರೆ ಕಿಟಕಿಯ ಬೆಳಕಿಗೆ ಗೀರು ಎದ್ದು ಕಾಣುತ್ತದೆ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಬಲ್ಲವರೊಬ್ಬರು ಬಗ್ಗಿ, ಅಂಚಿನ ಮೇಲೆ ಉಗುರು ಆಡಿಸಿ ನೋಡಿದ್ದು ಅಪರೂಪ.

ಕಾಗದಪತ್ರದ ವಿಷಯದಲ್ಲಿ ಇದೇ ಮೆಚ್ಚುಗೆ ಸಾಧ್ಯವಿಲ್ಲ. ಪರೀಕ್ಷೆ ಮುಗಿದು ಮೂರು ವಾರಕ್ಕೆ ಕತಾರಿನ ಕೆಲಸವೊಂದು ಬಂದಿತು. ನಾನು ಹತ್ತನೆಯ ತರಗತಿ ಮುಗಿಸಿಲ್ಲವಾದ್ದರಿಂದ ನನ್ನದು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ, ಪಾಸ್‌ಪೋರ್ಟ್. ಕತಾರ್ ಸೇರಿದಂತೆ 18 ದೇಶಗಳಿಗೆ ಇಂಥವರು ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಸಂಸ್ಥೆಗೆ ಪರವಾನಗಿ ಇರುವುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಮೊದಲೇ ನೋಡಿಕೊಂಡಿದ್ದೆ. ಏಜೆಂಟರು ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಇವರು ಅದನ್ನು ಮೀರಲಿಲ್ಲ, ರಸೀದಿ ಕೊಡುವುದಾಗಿಯೂ ಹೇಳಿದರು. ಆದರೆ ಕರಾರುಪತ್ರದಲ್ಲಿ ಹುದ್ದೆ ‘ಹೆಲ್ಪರ್’ ಎಂದಿತ್ತು. ಅಲ್ಲಿಗೆ ಹೋದ ಮೇಲೆ ಸರಿಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಿಲ್ಲ. ವಿವಾದ ಬಂದರೆ ಲೆಕ್ಕಕ್ಕೆ ಬರುವುದು ಬರೆದ ಹುದ್ದೆ ಮತ್ತು ಬರೆದ ಸಂಬಳ, ಕೌಂಟರಿನಲ್ಲಿ ಆಡಿದ ಮಾತಲ್ಲ.

ಇನ್ನೊಂದು ಪ್ರಶ್ನೆಗೆ ಅವರಲ್ಲಿ ಉತ್ತರವೇ ಇರಲಿಲ್ಲ. ಕತಾರಿನ ಆ ಕೆಲಸ ಹೆಚ್ಚಾಗಿ ಕ್ವಾರ್ಟ್ಜ್ ಸ್ಲ್ಯಾಬಿನದು. ಗ್ರಾನೈಟಿನಲ್ಲಿ ಸಿಲಿಕಾ ಎಂಬ ಖನಿಜ ಸುಮಾರು ಮೂರನೆಯ ಒಂದು ಭಾಗವಿದ್ದರೆ, ರಾಳ ಬೆರೆಸಿ ತಯಾರಿಸುವ ಕ್ವಾರ್ಟ್ಜಿನಲ್ಲಿ ಅದು ಶೇಕಡಾ 90ನ್ನೂ ಮೀರಬಹುದು. ನೀರು ಹಾಯಿಸದೆ ಕಲ್ಲನ್ನು ಕೊಯ್ದರೆ ಏಳುವ ಆ ದೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಮಾಡುವ ಔಷಧಿ ಇಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು. ನೀರು ಹಾಯಿಸಿ ಕೊಯ್ಯುವ ಯಂತ್ರವಿದೆಯೇ, ಯಾವ ಮಾಸ್ಕ್ ಕೊಡುತ್ತಾರೆ ಎಂದು ಕೇಳಿದಾಗ, ಮೇಜಿನಾಚೆಯ ಯುವಕ ವಿಮೆಯ ಕಾಗದವನ್ನು ತೋರಿಸಿದ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆ ಒಳ್ಳೆಯದೇ, ಆದರೆ ನಾನು ಕೇಳಿದ್ದು ಸತ್ತ ಮೇಲಿನ ವಿಚಾರವಲ್ಲ.

ಕತಾರಿಗೆ ನಾನು ಹೋಗಲಿಲ್ಲ. ಪರೀಕ್ಷೆಯ ದಿನ ಅಲ್ಲಿಗೆ ಬಂದಿದ್ದ ಬೆಂಗಳೂರಿನ ಕಿಚನ್ ತಯಾರಕರೊಬ್ಬರು ನನ್ನ ಅಂಚಿನ ಕೆಲಸವನ್ನು ನೆನಪಿಟ್ಟುಕೊಂಡು ಸಂಸ್ಥೆಯ ಮೂಲಕವೇ ಕರೆಸಿಕೊಂಡರು; ಇದಕ್ಕೆ ಸಂಸ್ಥೆ ನನ್ನಿಂದ ಹಣ ಪಡೆಯಲಿಲ್ಲ. ಈಗ ಅಳತೆ ಮತ್ತು ಟೆಂಪ್ಲೇಟ್ ವಿಭಾಗ ನನ್ನ ಕೈಯಲ್ಲಿದೆ. ಆ ಸಂಸ್ಥೆಗೆ ಹೋಗುವವರು ಪರೀಕ್ಷೆಗೆ ತಪ್ಪದೆ ಹಾಜರಾಗಲಿ, ತಮ್ಮ ಪ್ಯಾಡುಗಳನ್ನು ತಾವೇ ಒಯ್ಯಲಿ, ಏಕೆಂದರೆ ಅಲ್ಲಿಯವು ಸವೆದಿರುತ್ತವೆ. ಅರ್ಜಿಯ ಪ್ರತಿಯನ್ನು ಓದಿಸಿಕೊಳ್ಳದೆ ಸಹಿ ಹಾಕುವುದು ಬೇಡ. ನನ್ನ ದಾಖಲೆಯನ್ನು ತಿದ್ದಲು ಎರಡು ಬಾರಿ ಕೇಳಿಕೊಂಡಿದ್ದೆ. ಹೋದ ವಾರ ಆ ಕಚೇರಿಯಿಂದ ಮತ್ತೆ ಕರೆ ಬಂದಿತ್ತು: ದುಬೈಯಲ್ಲಿ ಬಚ್ಚಲುಮನೆಗೆ ಟೈಲ್ಸ್ ಹಾಕುವ ಕೆಲಸವಿದೆಯಂತೆ.