ಕಲರ್‌ಲಾಕ್ ಲೆದರ್ ಕ್ಲೀನರ್ ಮತ್ತು ಶೀಲ್ಡ್: ಕೆಲವು ವರ್ಷ ಬಳಸಿದ ಮೇಲೆ

ಲೆದರ್ ಸೀಟಿಗೆ ಹಾಕುವ ಸಾಮಾನಿನ ಬಗ್ಗೆ ಬರುವ ವಿಮರ್ಶೆಗಳು ಹೆಚ್ಚಾಗಿ ಮೊದಲ ದಿನದ್ದೇ ಆಗಿರುತ್ತವೆ. ಹಚ್ಚಿದೆ, ಒರೆಸಿದೆ, ಫಳಫಳ ಹೊಳೀತು, ಐದು ಸ್ಟಾರ್. ಆದರೆ ಮೊದಲ ದಿನ ಸೀಟು ಹೇಗೆ ಕಂಡಿತು ಅನ್ನೋದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಡ್ರೈವರ್ ಸೀಟಿನ ಹೊರಬದಿಯ ಉಬ್ಬು, ಅಂದ್ರೆ ಹತ್ತುವಾಗ ಇಳಿಯುವಾಗ ಪ್ರತಿ ಸಲ ತೊಡೆ ಉಜ್ಜುವ ಜಾಗ, ಕೆಲವು ವರ್ಷದ ನಂತರ ಹೇಗಿದೆ ಅಂತ ಹೇಳಿ, ಆಗ ನಂಬಬಹುದು.

ನಾನು ಬಳಸುತ್ತಿರೋದು ಕಲರ್‌ಲಾಕ್ ಅನ್ನುವ ಜರ್ಮನ್ ಬ್ರ್ಯಾಂಡಿನ ಮೈಲ್ಡ್ ಕ್ಲೀನರ್, ಜೊತೆಗೆ ಒಂದು ಮೆತ್ತನೆ ಲೆದರ್ ಬ್ರಷ್, ಮೇಲೆ ಹಚ್ಚೋಕೆ ಅವರದೇ ಲೆದರ್ ಶೀಲ್ಡ್ ಅನ್ನುವ ರಕ್ಷಣಾ ಲೇಪ. ಕಾರು ಹೊಸದಿದ್ದಾಗಿನಿಂದ ಇದೇ ಮೂರು. ಸೀಟಿನ ಬಣ್ಣ ತಿಳಿ ಬೀಜ್, ಅಂದ್ರೆ ಏನು ಅಂಟಿದರೂ ಕಾಣುತ್ತೆ. ಆ ಹೊರಬದಿಯ ಉಬ್ಬಿನ ಮೇಲೆ ಈಗ ಸಣ್ಣ ಸುಕ್ಕುಗಳಿವೆ, ಬಿರುಕಿಲ್ಲ, ಬಣ್ಣ ಹೋಗಿಲ್ಲ. ಹೊಳಪೂ ಇಲ್ಲ, ಅದೇ ನನಗೆ ಜಾಸ್ತಿ ಖುಷಿ.

ಹೊಳಪಿಲ್ಲದಿದ್ದರೆ ಯಾಕೆ ಖುಷಿ ಅಂತ ಕೇಳಬಹುದು. ಕಾರಿನ ಲೆದರ್ ಹೊಸದಾಗಿ ಬಂದಾಗ ಸಾಮಾನ್ಯವಾಗಿ ಮ್ಯಾಟ್ ಆಗಿರುತ್ತೆ. ಬಳಸ್ತಾ ಬಳಸ್ತಾ ಅದು ಮಿರಮಿರ ಅನ್ನೋಕೆ ಶುರುವಾದರೆ, ಮೈಯ ಎಣ್ಣೆ, ಬೆವರು, ಬಟ್ಟೆಯ ಧೂಳು ಎಲ್ಲ ಸೇರಿ ಒಂದು ಪದರ ಕೂತಿದೆ ಅಂತ ಅರ್ಥ. ಜನ ಅದನ್ನೇ ನೋಡಿ ಲೆದರ್ ಚೆನ್ನಾಗಿದೆ ಅಂದುಕೊಳ್ತಾರೆ. ಆ ಪದರದಲ್ಲಿ ಸೇರಿಕೊಂಡ ಮಣ್ಣಿನ ಸಣ್ಣ ಕಣಗಳು ಕೂತು ಎದ್ದಾಗಲೆಲ್ಲ ಮೇಲ್ಮೈಯನ್ನು ಉಜ್ಜುತ್ತವೆ. ಸೀಟು ಹಾಳಾಗೋದು ಶುರುವಾಗೋದೇ ಇಲ್ಲಿಂದ. ಅದಕ್ಕೇ ಮೂರರಲ್ಲಿ ಒಂದನ್ನೇ ಕೊಳ್ಳೋದಾದರೆ ಯಾವುದು ಅಂತ ಯಾರಾದರೂ ಕೇಳಿದರೆ, ಕಣ್ಣು ಮುಚ್ಚಿಕೊಂಡು ಕ್ಲೀನರ್ ಅಂತ ಹೇಳ್ತೀನಿ, ಶೀಲ್ಡ್ ಅಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಲೆದರ್‌ಗೆ ಎಣ್ಣೆ ಕುಡಿಸಬೇಕು, ಕಂಡೀಷನರ್ ಹಾಕದಿದ್ದರೆ ಒಣಗಿ ಸೀಳುತ್ತೆ ಅಂತ ಎಲ್ಲರೂ ಹೇಳ್ತಾರೆ ಅಲ್ವಾ? ಹಳೇ ಕಾಲದ ಲೇಪವಿಲ್ಲದ ಚರ್ಮಕ್ಕೆ ಅದು ಸರಿ. ಇವತ್ತಿನ ಬಹುಪಾಲು ಕಾರುಗಳಲ್ಲಿರೋದು ಬಣ್ಣದ ಲೇಪ ಹಾಕಿ, ಅದರ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್‌ನ ತೆಳು ಪದರ ಕೊಟ್ಟ ಲೆದರ್. ನಿಮ್ಮ ಕೈಗೆ ತಾಗೋದು ಆ ಪದರ, ಚರ್ಮ ಅಲ್ಲ. ಅದು ಎಷ್ಟು ತೆಳು ಅಂದ್ರೆ, ಯುರೋಪಿನ ಮಾನದಂಡದ ಪ್ರಕಾರ ಲೇಪ 0.15 ಮಿಲಿಮೀಟರಿಗಿಂತ ದಪ್ಪ ಇದ್ದರೆ ಆ ಸರಕನ್ನು ಬರೀ ಲೆದರ್ ಅಂತ ಕರೆಯುವ ಹಾಗೇ ಇಲ್ಲ. ಆ ಪದರ ಗಟ್ಟಿ ಇರುವ ತನಕ ಮೇಲಿಂದ ಹಚ್ಚಿದ ಎಣ್ಣೆ ಒಳಗೆ ಇಳಿಯೋದು ತುಂಬಾ ಕಮ್ಮಿ. ಉಳಿದದ್ದು ಮೇಲೇ ಕೂತು ಅಂಟಾಗುತ್ತೆ, ಇನ್ನಷ್ಟು ಧೂಳು ಹಿಡಿಯುತ್ತೆ. ನಾವು ಕಾಪಾಡಬೇಕಾಗಿರೋದು ಆ ತೆಳು ಪದರವನ್ನು. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿರುವ ಅರ್ಧ ಡಬ್ಬಿಗಳು ನಿಮಗೆ ಬೇಕಾಗಲ್ಲ.

ನಿಮ್ಮ ಸೀಟು ಯಾವ ಥರದ್ದು ಅಂತ ತಿಳಿಯೋಕೆ ಸುಲಭ ದಾರಿ ಇದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಲೇಪ ಇದೆ. ನಿಧಾನಕ್ಕೆ ಇಂಗಿ ಆ ಜಾಗ ಕಪ್ಪಾದರೆ ಅದು ಅನಿಲಿನ್ ಥರದ ಬರಿಯ ಚರ್ಮ, ಅಥವಾ ಲೇಪ ಸವೆದು ಹೋಗಿರುವ ಜಾಗ. ಅನಿಲಿನ್ ಇದ್ದರೆ ಈ ವಿಮರ್ಶೆಯ ಬಹಳಷ್ಟು ಮಾತು ನಿಮಗೆ ಅನ್ವಯಿಸುವುದಿಲ್ಲ, ಅದರ ಆರೈಕೆಯೇ ಬೇರೆ. ಮತ್ತೆ, ಲೆದರ್ ಸೀಟು ಅಂತ ಮಾರುವ ಎಷ್ಟೋ ಕಾರುಗಳಲ್ಲಿ ಕೂರುವ ಮತ್ತು ಒರಗುವ ಭಾಗ ಮಾತ್ರ ಲೆದರ್, ಪಕ್ಕ ಮತ್ತು ಹಿಂಭಾಗ ಪ್ಲಾಸ್ಟಿಕ್ ಲೇಪದ ಬಟ್ಟೆ. ಅಲ್ಲಿಗೆ ಕ್ಲೀನರ್ ಸಾಕು, ದುಬಾರಿ ಶೀಲ್ಡ್ ಸುರಿಯಬೇಡಿ.

ಈಗ ಕ್ಲೀನರ್ ವಿಷಯ. ಇದು ನೀರಿನಂಥ ದ್ರವ. ಸ್ಪಂಜಿನ ಮೇಲೋ ಬ್ರಷ್ಷಿನ ಮೇಲೋ ಹಾಕಿ ಹಿಂಡಿದರೆ ನೊರೆಯಾಗುತ್ತೆ, ಆ ನೊರೆಯನ್ನು ಮಾತ್ರ ಬಳಸಬೇಕು. ನೇರವಾಗಿ ಸೀಟಿನ ಮೇಲೆ ಸುರಿಯಬಾರದು. ಹೊಲಿಗೆಯ ಸಂದಿಯಲ್ಲಿ ನೀರು ಇಳಿದರೆ ಕೆಳಗಿನ ಫೋಮ್ ಒಣಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ವಾಸನೆ ಬರುತ್ತೆ. ಸಣ್ಣ ಸಣ್ಣ ತೂತಿರುವ ಸೀಟಾದರೆ ಇನ್ನೂ ಹುಷಾರು, ಒಳಗೆ ಹೀಟರಿನ ತಂತಿ, ಗಾಳಿ ಬಿಡುವ ಫ್ಯಾನು, ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದಾರಾ ಅಂತ ನೋಡುವ ಸೆನ್ಸರ್ ಎಲ್ಲ ಇರುತ್ತೆ. ಅಂಥ ಕಡೆ ನಾನು ಬ್ರಷ್ ಬಿಟ್ಟು, ನೊರೆ ತಾಗಿಸಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸ್ತೀನಿ ಅಷ್ಟೆ.

ಶುರು ಮಾಡುವ ಮುಂಚೆ ವ್ಯಾಕ್ಯೂಮ್ ಹಾಕಲೇಬೇಕು. ಮಡಿಕೆಯಲ್ಲಿರುವ ಮರಳನ್ನು ತೆಗೆಯದೇ ಬ್ರಷ್ ಆಡಿಸಿದರೆ ಆ ಮರಳಿನಿಂದಲೇ ಸೀಟನ್ನು ಗೀರಿದ ಹಾಗೆ. ಆಮೇಲೆ ಒಂದೊಂದೇ ಭಾಗ ತಗೊಂಡು, ಸುತ್ತು ಸುತ್ತಾಗಿ ಮೆಲ್ಲಗೆ ಬ್ರಷ್ ಆಡಿಸಿ, ನೊರೆ ಒಣಗೋ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಒಣ ಬಟ್ಟೆ. ಬ್ರಷ್ ಯಾಕೆ ಬೇಕು ಅಂದ್ರೆ ಲೆದರ್ ಮೇಲೆ ಸಣ್ಣ ಗೆರೆಗಳಿರುತ್ತವಲ್ಲ, ಕೊಳೆ ಕೂರೋದು ಅಲ್ಲೇ, ಬರೀ ಬಟ್ಟೆ ಅದರೊಳಗೆ ಇಳಿಯುವುದಿಲ್ಲ. ಸೀಟು ಶುಭ್ರವಾಗಿದೆ ಅಂತ ಅನಿಸುವಾಗಲೂ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತೆ. ಅದನ್ನು ನೋಡಿದ ಮೇಲೆ ಯಾರೂ ಈ ಕೆಲಸ ತಪ್ಪಿಸಲ್ಲ.

ಮನೆಯ ಸೋಪು ಸಾಲದಾ ಅಂತ ಕೆಲವರು ಕೇಳಿದ್ದಾರೆ. ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 4-5ರ ಆಸುಪಾಸು. ಬಾರ್ ಸೋಪಿನ ಪಿಎಚ್ 9-10 ಇರುತ್ತೆ, ಅಂದ್ರೆ ಅದು ಕ್ಷಾರೀಯ, ಚರ್ಮಕ್ಕೆ ತದ್ವಿರುದ್ಧ. ಒಂದು ಸಲಕ್ಕೆ ಏನೂ ಆಗದಿರಬಹುದು, ಆದರೆ ವರ್ಷಗಟ್ಟಲೆ ಹಾಗೇ ಮಾಡಿದರೆ ಮೇಲಿನ ಲೇಪಕ್ಕೂ, ಸವೆದ ಜಾಗದಲ್ಲಿ ಚರ್ಮಕ್ಕೂ ಒಳ್ಳೆಯದಲ್ಲ. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಬ್ಲೀಚು, ಥಿನ್ನರ್ ಹತ್ತಿರಕ್ಕೂ ತರಬೇಡಿ. ಮ್ಯಾಜಿಕ್ ಸ್ಪಂಜ್ ಅಂತ ಸಿಗುವ ಬಿಳಿ ಮೆಲಮೈನ್ ಸ್ಪಂಜಿನ ಬಗ್ಗೆ ತುಂಬಾ ಜನ ಹೊಗಳ್ತಾರೆ. ಕಲೆ ಹೋಗೋದು ನಿಜ, ಆದರೆ ಅದು ಕೆಲಸ ಮಾಡೋದೇ ಉಜ್ಜಿ ತೆಗೆಯುವ ಮೂಲಕ, ಅಂದ್ರೆ ಕಲೆಯ ಜೊತೆ ಲೇಪವೂ ಸ್ವಲ್ಪ ಸ್ವಲ್ಪ ಹೋಗುತ್ತೆ.

ಲೆದರ್ ಶೀಲ್ಡ್ ಬಗ್ಗೆ. ಕ್ಲೀನ್ ಮಾಡಿ ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ಸ್ವಲ್ಪ ಹಾಕಿಕೊಂಡು ತೆಳ್ಳಗೆ ಹಚ್ಚಬೇಕು. ದಪ್ಪಗೆ ಹಚ್ಚಿದರೆ ಲಾಭ ಇಲ್ಲ. ಒಣಗಿದ ಮೇಲೆ ಸೀಟು ಮ್ಯಾಟ್ ಆಗಿಯೇ ಉಳಿಯುತ್ತೆ, ಜಾರುವುದಿಲ್ಲ, ಅಂಟುವುದಿಲ್ಲ. ಇದರ ನಿಜವಾದ ಉಪಯೋಗ ನನಗೆ ಕಂಡದ್ದು ಜೀನ್ಸ್ ವಿಷಯದಲ್ಲಿ. ಹೊಸ ಗಾಢ ನೀಲಿ ಜೀನ್ಸಿನ ಇಂಡಿಗೋ ಬಣ್ಣ ಬೆವರು, ಬಿಸಿ ಸೇರಿದಾಗ ತಿಳಿ ಬಣ್ಣದ ಸೀಟಿಗೆ ವರ್ಗವಾಗುತ್ತೆ. ಸುಮ್ನೆ ಬಿಟ್ಟರೆ ಲೇಪದೊಳಗೆ ಇಳಿದು ಶಾಶ್ವತ ಕಲೆಯಾಗುತ್ತೆ. ಶೀಲ್ಡ್ ಇರುವಾಗ ನೀಲಿ ಮಬ್ಬು ಬರೋದು ನಿಲ್ಲಲ್ಲ, ಆದರೆ ಅದು ಮೇಲೇ ಕೂರುತ್ತೆ, ಮೈಲ್ಡ್ ಕ್ಲೀನರಿನಲ್ಲೇ ಹೋಗುತ್ತೆ. ಬೀಜ್ ಸೀಟು, ಕ್ರೀಮ್ ಸೀಟು ಇರುವವರಿಗೆ ಇದೊಂದೇ ಕಾರಣ ಸಾಕು. ಕಪ್ಪು ಸೀಟಿದ್ದರೆ, ನಿಜ ಹೇಳಬೇಕಂದ್ರೆ, ಶೀಲ್ಡ್ ಇಲ್ಲದೆಯೂ ನಡೆಯುತ್ತೆ, ಕ್ಲೀನರನ್ನು ತಪ್ಪದೆ ಬಳಸಿದರೆ ಸಾಕು.

ಆದರೆ ಇದು ಒಂದು ಸಲ ಹಚ್ಚಿ ಮರೆಯುವ ವಸ್ತು ಅಲ್ಲ. ಉಜ್ಜಾಟ ಜಾಸ್ತಿ ಇರುವ ಜಾಗದಲ್ಲಿ ಬೇಗ ಸವೆಯುತ್ತೆ, ಯಾವ ಕಂಪನಿಯ ರಕ್ಷಣಾ ಪದರವಾದರೂ ಅಷ್ಟೇ. ನಾನು ಇಡೀ ಸೀಟಿಗೆ ಪದೇ ಪದೇ ಹಚ್ಚಲ್ಲ. ಹೊರಬದಿಯ ಉಬ್ಬು, ಕೂರುವ ಜಾಗದ ಮುಂಭಾಗ, ಸ್ಟೀರಿಂಗ್ ಪಕ್ಕದ ಕೈಯೊರಗು, ಇಷ್ಟಕ್ಕೆ ಕೆಲವು ತಿಂಗಳಿಗೊಮ್ಮೆ. ಹಿಂದಿನ ಸೀಟಿಗೆ ವರ್ಷಕ್ಕೊಂದು ಸಲವೂ ಸಾಕಾಗುತ್ತೆ. ಸ್ಟೀರಿಂಗ್ ಚಕ್ರದ ಲೆದರನ್ನು ಮಾತ್ರ ಬರೀ ಕ್ಲೀನ್ ಮಾಡಿ ಬಿಡ್ತೀನಿ, ಹಿಡಿತದ ಜಾಗದಲ್ಲಿ ಏನನ್ನೂ ಹಚ್ಚೋಕೆ ಮನಸ್ಸು ಬರಲ್ಲ. ಅದು ಎಷ್ಟು ಬೇಗ ಮಿರಮಿರ ಆಗುತ್ತೆ ಅಂದ್ರೆ, ಕೈಯ ಎಣ್ಣೆ ಏನು ಮಾಡುತ್ತೆ ಅಂತ ನೋಡೋಕೆ ಬೇರೆ ಸಾಕ್ಷಿ ಬೇಡ.

ಒಮ್ಮೆ ಸರ್ವೀಸಿಗೆ ಕೊಟ್ಟಾಗ, ನಾನು ಹೇಳದಿದ್ದರೂ ಸೀಟಿಗೆಲ್ಲ ಡ್ಯಾಶ್‌ಬೋರ್ಡ್ ಪಾಲಿಶ್ ಬಳಿದು ಕೊಟ್ಟಿದ್ದರು. ಸಿಲಿಕೋನ್ ಎಣ್ಣೆ. ಒಂದು ವಾರದೊಳಗೆ ಧೂಳೆಲ್ಲ ಅಂಟಿ ಸೀಟು ಬೂದು ಬಣ್ಣಕ್ಕೆ ತಿರುಗಿತ್ತು, ಬ್ರೇಕ್ ಹಾಕಿದರೆ ಮೈ ಮುಂದಕ್ಕೆ ಜಾರುತ್ತಿತ್ತು. ಅದನ್ನು ತೆಗೆಯೋಕೆ ಮೈಲ್ಡ್ ಕ್ಲೀನರಿನಲ್ಲಿ ಮತ್ತೆ ಮತ್ತೆ ಕ್ಲೀನ್ ಮಾಡಬೇಕಾಯಿತು. ಈಗ ಕಾರು ಕೊಡುವಾಗಲೇ ಸೀಟಿಗೆ ಏನೂ ಹಾಕಬೇಡಿ ಅಂತ ಜಾಬ್ ಕಾರ್ಡಿನಲ್ಲೇ ಬರೆಸ್ತೀನಿ. ನೀವೂ ಬರೆಸಿ.

ಈ ಸಾಮಾನುಗಳಿಂದ ಆಗದ್ದೂ ಇದೆ. ಬಿರುಕು ಬಿಟ್ಟ ಲೆದರ್ ಯಾವ ಕ್ರೀಮಿನಿಂದಲೂ ಮುಚ್ಚುವುದಿಲ್ಲ. ಅದಕ್ಕೆ ಫಿಲ್ಲರ್ ತುಂಬಿ ಮತ್ತೆ ಬಣ್ಣ ಕೊಡಬೇಕು, ಅದು ಬೇರೆಯೇ ಕೆಲಸ. ಬಾಲ್ ಪೆನ್ನಿನ ಗೀಟು ಬಿದ್ದ ತಕ್ಷಣ ಕ್ಲೀನ್ ಮಾಡಿದರೆ ಒಂದಿಷ್ಟು ಹೋಗಬಹುದು, ಹಳೆಯದಾದರೆ ಶಾಯಿ ಲೇಪದೊಳಗೆ ಸೇರಿಬಿಟ್ಟಿರುತ್ತೆ. ಸ್ಯಾನಿಟೈಸರ್ ಚೆಲ್ಲಿದರೆ ಉಜ್ಜಬೇಡಿ, ಒತ್ತಿ ತೆಗೆಯಿರಿ. ಅದರಲ್ಲಿ 60 ಶೇಕಡಾಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುತ್ತೆ, ಲೇಪವನ್ನು ಮೆತ್ತಗೆ ಮಾಡುತ್ತೆ, ಆ ಹೊತ್ತಿನಲ್ಲಿ ಉಜ್ಜಿದರೆ ಬಣ್ಣವೇ ಎದ್ದು ಬರುತ್ತೆ. ಕೈಗೆ ಸ್ಯಾನಿಟೈಸರ್, ಸನ್‌ಸ್ಕ್ರೀನ್ ಹಚ್ಚಿಕೊಂಡರೆ ಒಣಗುವ ತನಕ ಸೀಟು ಮುಟ್ಟದಿರೋದು ಒಳ್ಳೆಯದು.

ಬಿಸಿಲಿಗೂ ಬಾಟಲಿಯಲ್ಲಿ ಮದ್ದಿಲ್ಲ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಇರುತ್ತೆ, ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುತ್ತೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು, ಅಷ್ಟು ತಡೆಯುವುದಿಲ್ಲ. ಬಣ್ಣ ಮಾಸೋದು, ಗಟ್ಟಿಯಾಗೋದು ಯಾವ ಬದಿಗೆ ಬಿಸಿಲು ಬೀಳುತ್ತೋ ಆ ಬದಿಯಿಂದ. ನೆರಳಲ್ಲಿ ನಿಲ್ಲಿಸಿ, ಆಗದಿದ್ದರೆ ಮುಂದೆಯೂ ಪಕ್ಕಕ್ಕೂ ಪರದೆ ಹಾಕಿ. ಕವರ್ ಹಾಕಿಸುವವರು ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆಯಾ ಅಂತ ಮೊದಲು ನೋಡಿ, ಇದ್ದರೆ ಅದಕ್ಕೆ ಹೊಂದುವಂತೆ ಹೊಲಿದ ಕವರ್ ಮಾತ್ರ ಹಾಕಿಸಬೇಕು. ನಾನಂತೂ ಕವರ್ ಹಾಕಿಲ್ಲ, ಲೆದರ್ ಸೀಟು ತಗೊಂಡು ಅದನ್ನು ಮುಚ್ಚಿಡೋದು ನನಗೆ ಇಷ್ಟ ಇಲ್ಲ.

ಹಳೇ ಕಾರು ಕೊಂಡವರು ಇದೇ ಕಂಪನಿಯ ಸ್ಟ್ರಾಂಗ್ ಕ್ಲೀನರಿಂದ ಶುರು ಮಾಡೋದು ವಾಸಿ, ವರ್ಷಗಳ ಕೊಳೆಗೆ ಮೈಲ್ಡ್ ಸಾಲದು. ಮೊದಲು ಮೂಲೆಯಲ್ಲಿ ಹಚ್ಚಿ, ಬಟ್ಟೆಗೆ ಬರೋದು ಕೊಳೆಯೋ ಸೀಟಿನ ಬಣ್ಣವೋ ಅಂತ ನೋಡಿ. ಬಣ್ಣ ಬಂದರೆ ಅಲ್ಲೇ ನಿಲ್ಲಿಸಿ, ಸೀಟಿಗೆ ಬಣ್ಣ ಕೊಡುವವರಿಗೆ ತೋರಿಸಿ. ಬರೀ ಕೊಳೆಯಾದರೆ ಒಂದೇ ದಿನದಲ್ಲಿ ಎಲ್ಲ ತೆಗೆಯೋಕೆ ಹೋಗದೆ, ಒಂದು ಸೀಟು ಮುಗಿಸಿ, ಒಣಗಲು ಬಿಟ್ಟು, ಮರುದಿನ ಮತ್ತೊಮ್ಮೆ ಮಾಡಿ.